ಕಾಂಗೋದ ಚಿಟ್ಟೆ ಬಾರ್ಬ್ ಮತ್ತು ಬಯಲುಸೀಮೆಯ ನೀರು: ಐದು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಗೃಹ ಮತ್ಸ್ಯಪಾಲನೆಯ ವಿವೇಚನೆ

ಪೀಠಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಅದಕ್ಕೂ ಮೊದಲು ಇವು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹರಪನಹಳ್ಳಿ ಮಾತ್ರ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತ್ತು. ಆಡಳಿತದ ಗಡಿಗಳು ಹೀಗೆ ಸರಿದಾಡಿದರೂ ಈ ಐದು ತಾಲ್ಲೂಕುಗಳನ್ನು ಒಂದಾಗಿ ಹಿಡಿದಿಟ್ಟಿರುವ ಸಂಗತಿಯೊಂದಿದೆ. ಅದು ನೀರು. ಕಡಿಮೆ ಮಳೆ, ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವ ಕೆರೆ, ಗಡಸು ನೀರಿನ ಕೊಳವೆಬಾವಿ, ಅಂಚಿನಲ್ಲಿ ಹರಿಯುವ ತುಂಗಭದ್ರೆ, ನಡುವೆ ಚಿಕ್ಕಹಗರಿ – ಇವು ಇಲ್ಲಿನ ಬದುಕನ್ನು ರೂಪಿಸಿದಂತೆಯೇ ಇಲ್ಲಿನ ಮೀನುಗಳ ಬದುಕನ್ನೂ ರೂಪಿಸಿವೆ.

ಮನೆಯೊಳಗೆ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವ ಹವ್ಯಾಸವನ್ನು ಸಾಮಾನ್ಯವಾಗಿ ಅಲಂಕಾರದ ವಿಷಯವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ನೀರನ್ನು ಅರಿಯುವ ವಿದ್ಯೆ. ಆಫ್ರಿಕಾದ ಒಂದು ಪುಟ್ಟ ಬಾರ್ಬ್ ಮೀನನ್ನು ಈ ಬಯಲುಸೀಮೆಯಲ್ಲಿ ಸಾಕಬೇಕಾದರೆ ಏನೇನು ಬೇಕು, ಅದು ಎಷ್ಟರಮಟ್ಟಿಗೆ ಸಾಧ್ಯ, ಅದೇ ಬಳಗಕ್ಕೆ ಸೇರಿದ ನಮ್ಮ ಕೆರೆಗಳ ಕಿರುಮೀನುಗಳ ಸ್ಥಿತಿ ಏನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಮೀನು ಮತ್ತು ಅದರ ಬಳಗ

ಇಲ್ಲಿ ಉದಾಹರಣೆಗಾಗಿ ಆರಿಸಿಕೊಂಡಿರುವ ಮೀನು ಚಿಟ್ಟೆ ಬಾರ್ಬ್. ಇದರ ಶಾಸ್ತ್ರೀಯ ಹೆಸರು ಎಂಟೆರೋಮಿಯಸ್ ಹುಲ್‌ಸ್ಟಾರ್ಟಿ. ಮಧ್ಯ ಆಫ್ರಿಕಾದ ಕಾಂಗೋ ನದಿಯ ಕೊಳ್ಳ ಇದರ ತವರು. ಪೂರ್ಣ ಬೆಳೆದರೂ ಇದರ ಉದ್ದ ಸುಮಾರು 3.5 ಸೆಂ.ಮೀ. ಮಾತ್ರ. ಮೈಮೇಲೆ ದಟ್ಟ ಕಪ್ಪು ಮಚ್ಚೆಗಳಿದ್ದು, ಗಂಡುಮೀನಿನ ರೆಕ್ಕೆಗಳಲ್ಲಿ ಹಳದಿ ಮತ್ತು ಕಪ್ಪು ಬಣ್ಣಗಳು ಎದ್ದು ಕಾಣುತ್ತವೆ. ಈ ರೆಕ್ಕೆಗಳಿಂದಲೇ ಅದಕ್ಕೆ ಚಿಟ್ಟೆಯ ಹೆಸರು ಬಂದಿದೆ.

ಬೆಲ್ಜಿಯಂನ ಮತ್ಸ್ಯಶಾಸ್ತ್ರಜ್ಞ ಮ್ಯಾಕ್ಸ್ ಪೋಲ್ 1945ರಲ್ಲಿ ಈ ಮೀನನ್ನು ಮೊದಲಿಗೆ ವರ್ಣಿಸಿ, ಗುಸ್ತಾಫ್ ಹುಲ್‌ಸ್ಟಾರ್ಟ್ (1900–1990) ಎಂಬ ಪಾದ್ರಿಯ ಹೆಸರನ್ನು ಅದಕ್ಕಿಟ್ಟರು. ಹುಲ್‌ಸ್ಟಾರ್ಟ್ ಕಾಂಗೋದ ಮೊಂಗೊ ಜನರ ಭಾಷೆಯನ್ನು ದೀರ್ಘಕಾಲ ಅಧ್ಯಯನ ಮಾಡಿ ಅದರ ನಿಘಂಟು ರಚಿಸಿದ ವಿದ್ವಾಂಸರು. ಒಂದು ನಾಡಿನ ನುಡಿಯನ್ನು ದಾಖಲಿಸಿದವರ ಹೆಸರು ಆ ನಾಡಿನ ಮೀನಿನೊಂದಿಗೆ ಸೇರಿಕೊಂಡಿರುವುದು ಗಮನಾರ್ಹ ಸಂಗತಿ.

ಬಾರ್ಬ್ ಎಂಬ ಪದವು ಗಡ್ಡ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಬಾಯಿಯ ಅಂಚಿನಲ್ಲಿ ಮೀಸೆಯಂತಹ ಎಳೆಗಳಿರುವ ಮೀನುಗಳಿಗೆ ಯುರೋಪಿನಲ್ಲಿ ಈ ಹೆಸರು ಬಳಕೆಗೆ ಬಂದು, ಮುಂದೆ ಆಫ್ರಿಕಾ ಮತ್ತು ಏಷ್ಯಾಗಳ ನೂರಾರು ಪ್ರಭೇದಗಳಿಗೆ ಹರಡಿತು. ಬಹುಕಾಲ ಇವೆಲ್ಲವನ್ನೂ ಬಾರ್ಬಸ್ ಅಥವಾ ಪುಂಟಿಯಸ್ ಎಂಬ ವಿಶಾಲ ಕುಲಗಳಲ್ಲಿ ಇರಿಸಲಾಗಿತ್ತು. ಶ್ರೀಲಂಕಾದ ರೋಹನ್ ಪೆತಿಯಗೊಡ ಮತ್ತು ಸಂಗಡಿಗರು 2012ರಲ್ಲಿ ದಕ್ಷಿಣ ಏಷ್ಯಾದ ಪುಂಟಿಯಸ್‌ಗಳನ್ನು ಮರುಪರಿಶೀಲಿಸಿ ಪೆಥಿಯ, ಡಾಕಿನ್ಸಿಯ ಮೊದಲಾದ ಹೊಸ ಕುಲಗಳನ್ನು ಸ್ಥಾಪಿಸಿದರು. 2015ರಲ್ಲಿ ಪ್ರಕಟವಾದ ವಂಶವಾಹಿ ಆಧಾರಿತ ಅಧ್ಯಯನದ ತರುವಾಯ ಆಫ್ರಿಕಾದ ಕಿರುಬಾರ್ಬ್‌ಗಳನ್ನು ಎಂಟೆರೋಮಿಯಸ್ ಕುಲದಲ್ಲಿ ಇರಿಸುವ ಪದ್ಧತಿ ಬೆಳೆಯಿತು.

ಈ ಪುನರ್‌ವರ್ಗೀಕರಣದಿಂದ ನಮಗೆ ಮುಖ್ಯವಾದ ಒಂದು ಅಂಶ ತಿಳಿಯುತ್ತದೆ. ಆಫ್ರಿಕಾದ ಎಂಟೆರೋಮಿಯಸ್ ಮೀನುಗಳೂ ಭಾರತದ ಪುಂಟಿಯಸ್ ಮತ್ತು ಪೆಥಿಯ ಮೀನುಗಳೂ ಸ್ಮಿಲಿಯೋಗ್ಯಾಸ್ಟ್ರಿನೇ ಎಂಬ ಒಂದೇ ಉಪಕುಟುಂಬಕ್ಕೆ ಸೇರಿವೆ. ಅಂದರೆ ಕಾಂಗೋದ ಚಿಟ್ಟೆ ಬಾರ್ಬ್ ನಮ್ಮ ಕೆರೆಯ ಕಿರುಮೀನಿನ ದೂರದ ದಾಯಾದಿ. ಯುರೋಪಿನ ನದಿಗಳ ಬಾರ್ಬಸ್‌ಗಿಂತ ಅದು ನಮ್ಮ ಮೀನಿಗೇ ಹತ್ತಿರದ ನಂಟು.

2. ಎರಡು ನೀರುಗಳು

ನಂಟು ಒಂದೇ ಆದರೂ ನೀರು ಬೇರೆ. ಚಿಟ್ಟೆ ಬಾರ್ಬ್ ವಾಸಿಸುವುದು ದಟ್ಟ ಮಳೆಕಾಡಿನ ನೆರಳಿನಲ್ಲಿ ಹರಿಯುವ ಸಣ್ಣ ತೊರೆಗಳಲ್ಲಿ. ಉದುರಿದ ಎಲೆಗಳು ಕೊಳೆತು ಆ ನೀರು ಚಹಾದ ಬಣ್ಣ ತಾಳಿರುತ್ತದೆ. ಅದರಲ್ಲಿ ಕರಗಿದ ಲವಣಗಳು ಅತ್ಯಲ್ಪ. ನೀರು ಆಮ್ಲೀಯವಾಗಿದ್ದು, ತೊಟ್ಟಿಯಲ್ಲಿ ಈ ಮೀನಿಗೆ ಪಿಎಚ್ 5ರಿಂದ 6.5ರವರೆಗೆ ಒಗ್ಗುತ್ತದೆ. ಸಮಭಾಜಕ ವೃತ್ತದ ಮೀನಾದರೂ ಕಾಡಿನ ನೆರಳಿನಿಂದಾಗಿ ಅದು ತಂಪು ನೀರಿನ ಜೀವಿ. 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿರುತ್ತದೆ.

ಈ ಐದು ತಾಲ್ಲೂಕುಗಳ ನೀರು ಇದಕ್ಕೆ ತದ್ವಿರುದ್ಧ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತ ನೀರು ಕೊಳವೆಬಾವಿಗಳ ಮೂಲಕ ಮೇಲೆ ಬರುತ್ತದೆ. ಮಳೆ ಕಡಿಮೆ, ಆವಿಯಾಗುವಿಕೆ ಹೆಚ್ಚು. ಆದ್ದರಿಂದ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಬೈಕಾರ್ಬೊನೇಟ್ ಲವಣಗಳು ಸಂಗ್ರಹವಾಗಿ ನೀರು ಗಡಸಾಗುತ್ತದೆ. ಪಾತ್ರೆಗಳ ತಳದಲ್ಲಿ ಕಟ್ಟುವ ಬಿಳಿ ಪದರ, ಸಾಬೂನು ನೊರೆಯಾಗದಿರುವುದು ಇದರ ನಿತ್ಯದ ಕುರುಹುಗಳು. ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಸಮಸ್ಯೆಯೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದೆಂಬುದು ಭಾರತೀಯ ಮಾನದಂಡದ ಗರಿಷ್ಠ ಮಿತಿ. ಇದರ ನಿವಾರಣೆಗಾಗಿಯೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ.

ಹೀಗಾಗಿ ಪರದೇಶದ ಮೀನನ್ನು ತರುವ ಮುನ್ನ ಕೇಳಬೇಕಾದ ಪ್ರಶ್ನೆ ಮೀನಿನ ಬೆಲೆಯದಲ್ಲ, ನಲ್ಲಿಯ ನೀರಿನದು. ನೀರಿನ ಪಿಎಚ್, ಗಡಸುತನ ಮತ್ತು ಕರಗಿದ ಒಟ್ಟು ಘನವಸ್ತುಗಳ ಪ್ರಮಾಣ, ಅಂದರೆ ಟಿಡಿಎಸ್ – ಈ ಮೂರನ್ನು ಅಳೆಯದೆ ಮುಂದುವರಿಯುವುದು ಮಣ್ಣು ನೋಡದೆ ಬಿತ್ತಿದಂತೆ.

3. ತೊಟ್ಟಿಯ ಸಿದ್ಧತೆ

ಚಿಟ್ಟೆ ಬಾರ್ಬ್ ಹಿಂಡಿನಲ್ಲಿ ಬದುಕುವ ಅಂಜುಬುರುಕ ಮೀನು. ಒಂದೆರಡನ್ನು ತಂದರೆ ಅವು ಮೂಲೆ ಸೇರಿ ಬಣ್ಣಗೆಡುತ್ತವೆ. ಕನಿಷ್ಠ ಹತ್ತು ಮೀನುಗಳಾದರೂ ಇರಬೇಕು. ಅದಕ್ಕೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಸಾಕು. ಅಂಚಿನವರೆಗೆ ತುಂಬಿದರೆ ಅದರಲ್ಲಿ 54 ಲೀಟರ್ ನೀರು ಹಿಡಿಯುತ್ತದೆ.

ಮೆದು ನೀರನ್ನು ಪಡೆಯಲು ಶುದ್ಧ ಕುಡಿಯುವ ನೀರಿನ ಘಟಕವೇ ಇಲ್ಲಿ ಸುಲಭದ ಮಾರ್ಗ. ಈ ಘಟಕಗಳ ಆರ್.ಒ. ಪೊರೆಯು ಲವಣಗಳ ಬಹುಪಾಲನ್ನೂ ಫ್ಲೋರೈಡನ್ನೂ ತಡೆಯುತ್ತದೆ. ಇದಕ್ಕೆ ಸ್ವಲ್ಪ ಕೊಳವೆಬಾವಿ ನೀರನ್ನು ಬೆರೆಸಿ ಬೇಕಾದ ಮಟ್ಟಕ್ಕೆ ತರಬಹುದು. ಉದಾಹರಣೆಗೆ, ಘಟಕದ ನೀರಿನ ಟಿಡಿಎಸ್ 50 ಹಾಗೂ ಕೊಳವೆಬಾವಿಯದು 900 ಎಂದಿಟ್ಟುಕೊಂಡರೆ, 100ರ ಮಟ್ಟ ತಲುಪಲು 16 ಲೀಟರ್ ಘಟಕದ ನೀರಿಗೆ ಒಂದೇ ಲೀಟರ್ ಕೊಳವೆಬಾವಿ ನೀರು ಸಾಕು. ಈ ಲೆಕ್ಕ ನೋಡಿದರೆ ಎರಡು ನೀರುಗಳ ಅಂತರ ಎಷ್ಟೆಂಬುದು ಅರ್ಥವಾಗುತ್ತದೆ.

ನೀರಿಗೆ ಚಹಾದ ಬಣ್ಣವನ್ನೂ ಸ್ವಲ್ಪ ಆಮ್ಲೀಯತೆಯನ್ನೂ ಕೊಡಲು ನಮ್ಮ ಊರುಗಳ ಬೀದಿಬದಿಯಲ್ಲೇ ಬೆಳೆಯುವ ಕಾಡುಬಾದಾಮಿ ಮರದ ಒಣ ಎಲೆಗಳನ್ನು ತೊಳೆದು ಹಾಕಬಹುದು. ತಳಕ್ಕೆ ಕಪ್ಪು ಅಥವಾ ಕಂದು ಬಣ್ಣದ ಸಣ್ಣ ಮರಳು, ಮೇಲೆ ತೇಲುವ ಸಸ್ಯಗಳ ನೆರಳು, ಮಂದ ಬೆಳಕು ಇರಬೇಕು. ಸುಣ್ಣದ ಅಂಶವಿರುವ ಕಲ್ಲುಗಳನ್ನಾಗಲಿ ಚಿಪ್ಪುಗಳನ್ನಾಗಲಿ ಹಾಕಕೂಡದು. ಅವು ಕರಗಿ ನೀರನ್ನು ಮತ್ತೆ ಗಡಸು ಮಾಡುತ್ತವೆ.

ತೊಟ್ಟಿ ತುಂಬಿದ ದಿನವೇ ಮೀನು ಬಿಡುವುದು ಬಹುಪಾಲು ಸಾವುಗಳ ಕಾರಣ. ಮೀನಿನ ತ್ಯಾಜ್ಯದಿಂದ ಅಮೋನಿಯ ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ಸ್ಪಂಜು ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆಮ್ಲೀಯ ನೀರಿನಲ್ಲಿ ಇವುಗಳ ಕೆಲಸ ನಿಧಾನವಾಗುವುದರಿಂದ ಇನ್ನೂ ಹೆಚ್ಚು ಕಾಲ ಕಾಯಬೇಕಾದೀತು. ಮೆದು ನೀರಿಗೆ ಪಿಎಚ್ ಏರಿಳಿತವನ್ನು ತಡೆಯುವ ಶಕ್ತಿಯೂ ಕಡಿಮೆ. ಆದ್ದರಿಂದ ವಾರಕ್ಕೊಮ್ಮೆ ಹತ್ತರಿಂದ ಹದಿನೈದು ಶೇಕಡ ನೀರನ್ನು ಮಾತ್ರ ಬದಲಿಸುತ್ತ, ಏಕಾಏಕಿ ಬದಲಾವಣೆ ಆಗದಂತೆ ನೋಡಿಕೊಳ್ಳಬೇಕು.

4. ಬೇಸಿಗೆಯ ಸಮಸ್ಯೆ

ನೀರಿನ ಗಡಸುತನಕ್ಕೆ ಪರಿಹಾರವಿದೆ; ಬಿಸಿಲಿಗೆ ಪರಿಹಾರ ಕಷ್ಟ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಭಾಗದ ಹಗಲಿನ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ತಗಡು ಅಥವಾ ಕಾಂಕ್ರೀಟ್ ಚಾವಣಿಯ ಕೋಣೆಯಲ್ಲಿ ತೊಟ್ಟಿಯ ನೀರು 32 ಡಿಗ್ರಿ ದಾಟುವುದು ಸಹಜ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿ.ಗ್ರಾಂ. ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು 7.5 ಮಿ.ಗ್ರಾಂ. ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿನಲ್ಲಿ ಮೀನಿನ ಉಸಿರಾಟದ ಅಗತ್ಯ ಹೆಚ್ಚುತ್ತದೆ.

ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ಬೀಸುವಂತೆ ಮಾಡುವುದು ಸುಲಭದ ಉಪಾಯ. ಮಣ್ಣಿನ ಮಡಕೆ ನೀರನ್ನು ತಂಪುಮಾಡುವ ತತ್ತ್ವವೇ ಇಲ್ಲಿಯದೂ. ಇಲ್ಲಿನ ಒಣಗಾಳಿಯಲ್ಲಿ ಆವಿಯಾಗುವಿಕೆ ಚುರುಕಾಗಿರುವುದರಿಂದ ಉಷ್ಣತೆ ಎರಡರಿಂದ ನಾಲ್ಕು ಡಿಗ್ರಿಯಷ್ಟು ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ. ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಕಡಿಮೆಯಾದ ನೀರನ್ನು ಕೊಳವೆಬಾವಿ ನೀರಿನಿಂದ ತುಂಬಿಸುತ್ತ ಹೋದರೆ ಒಂದೆರಡು ತಿಂಗಳಲ್ಲಿ ಕಾಂಗೋದ ನೀರು ಕೂಡ್ಲಿಗಿಯ ನೀರಾಗಿಬಿಡುತ್ತದೆ. ಆವಿಯ ನಷ್ಟವನ್ನು ಘಟಕದ ಶುದ್ಧ ನೀರಿನಿಂದಲೇ ತುಂಬಬೇಕು. ಮಂಜುಗಡ್ಡೆ ಹಾಕುವ ರೂಢಿ ಸರಿಯಲ್ಲ. ಉಷ್ಣತೆಯ ಹಠಾತ್ ಇಳಿತ ಮೀನಿಗೆ ಬಿಸಿಗಿಂತ ಹೆಚ್ಚು ಅಪಾಯಕಾರಿ. ವಿದ್ಯುತ್ ಹೋದಾಗ ನಡೆಯುವ ಬ್ಯಾಟರಿ ಗಾಳಿಪಂಪು ಅನಿವಾರ್ಯ.

ಇಷ್ಟಾದರೂ ಕಡುಬೇಸಿಗೆಯಲ್ಲಿ ಫ್ಯಾನಿನಿಂದ 24 ಡಿಗ್ರಿ ತಲುಪಲು ಆಗದು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ನಡುಕೋಣೆ ಹಗಲಿನಲ್ಲೂ ತಂಪಾಗಿರುತ್ತದೆ. ಅಂತಹ ಕೋಣೆಯಾಗಲಿ ನೀರು ತಂಪುಮಾಡುವ ಯಂತ್ರವಾಗಲಿ ಇಲ್ಲದವರು ಈ ಮೀನನ್ನು ತರದಿರುವುದೇ ಲೇಸು. ಚಳಿಗಾಲದಲ್ಲಿ ಚೆನ್ನಾಗಿದ್ದ ಮೀನು ಮೇ ತಿಂಗಳಲ್ಲಿ ಸಾಯುವುದಾದರೆ ಅದನ್ನು ಸಾಕಣೆ ಎನ್ನಲಾಗದು.

5. ಆಹಾರ, ಸಹವಾಸ, ಸಂತಾನ

ಚಿಕ್ಕ ಬಾಯಿಯ ಮೀನಾದ್ದರಿಂದ ಆಹಾರವೂ ಸಣ್ಣದಿರಬೇಕು. ಆಗತಾನೆ ಒಡೆದ ಆರ್ಟೀಮಿಯ ಮರಿಗಳು, ನೀರುಚಿಗಟ, ಸಣ್ಣ ಸೊಳ್ಳೆಮರಿಗಳು ಉತ್ತಮ. ಪುಡಿಮಾಡಿದ ಒಣ ಆಹಾರಕ್ಕೂ ನಿಧಾನವಾಗಿ ಒಗ್ಗುತ್ತವೆ. ದಿನಕ್ಕೆ ಎರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕೊಟ್ಟರೆ ಸಾಕು. ದೊಡ್ಡ, ಚುರುಕಿನ ಮೀನುಗಳ ಜೊತೆ ಇವನ್ನು ಇಡಬಾರದು; ಆಹಾರ ಸಿಗದೆ ಸೊರಗುತ್ತವೆ.

ಈ ಬಳಗದ ಮೀನುಗಳು ಮೊಟ್ಟೆಗಳನ್ನು ಸಸ್ಯಗಳ ನಡುವೆ ಚೆದುರಿಸುತ್ತವೆ. ಹೆತ್ತವರ ಆರೈಕೆ ಇಲ್ಲ. ತಮ್ಮ ಮೊಟ್ಟೆಗಳನ್ನು ತಾವೇ ತಿನ್ನುವುದೂ ಉಂಟು. ಆದ್ದರಿಂದ ಸಂತಾನಕ್ಕೆ ದಟ್ಟ ಪಾಚಿಯ ಪ್ರತ್ಯೇಕ ತೊಟ್ಟಿ ಬೇಕು. ಚಿಟ್ಟೆ ಬಾರ್ಬ್ ತೊಟ್ಟಿಯಲ್ಲಿ ಮರಿ ಮಾಡುವುದು ವಿರಳ. ಮಾರಾಟಕ್ಕೆ ಬರುವ ಮೀನುಗಳು ಬಹುಮಟ್ಟಿಗೆ ಕಾಡಿನ ತೊರೆಗಳಿಂದ ಹಿಡಿದು ತಂದವು. ಸತ್ತ ಮೀನಿನ ಬದಲಿಗೆ ಇನ್ನೊಂದನ್ನು ಕೊಳ್ಳುವುದೆಂದರೆ ಕಾಂಗೋದ ತೊರೆಯಿಂದ ಇನ್ನೊಂದನ್ನು ಕಳೆದಂತೆ ಎಂಬುದನ್ನು ಸಾಕುವವರು ನೆನಪಿಡಬೇಕು.

6. ಕೆರೆಯ ದಾಯಾದಿಗಳು

ಈಗ ನಮ್ಮ ಕೆರೆಗಳತ್ತ ತಿರುಗೋಣ. ಮೇಲೆ ವಿವರಿಸಿದ ಬೇಸಿಗೆಯ ತೊಟ್ಟಿಗೂ ಬತ್ತುತ್ತಿರುವ ಕೆರೆಗೂ ವ್ಯತ್ಯಾಸ ಗಾತ್ರದ್ದು ಮಾತ್ರ. ನೀರು ಇಳಿಯುತ್ತದೆ, ಲವಣ ಸಾಂದ್ರವಾಗುತ್ತದೆ, ಉಷ್ಣತೆ ಏರುತ್ತದೆ, ಆಮ್ಲಜನಕ ತಗ್ಗುತ್ತದೆ. ಚಿಟ್ಟೆ ಬಾರ್ಬ್ ತಾಳಲಾರದ ಈ ಎಲ್ಲವನ್ನೂ ತಾಳಿಕೊಂಡು ಬಂದಿರುವ ಮೀನುಗಳು ಇಲ್ಲಿವೆ. ಕರ್ನಾಟಕದ ಹಲವೆಡೆ ಪಕ್ಕೆ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಕಿರುಮೀನುಗಳ ಗುಂಪು ಇದು. ಬಾಲದ ಬುಡದ ಬಳಿ ದೊಡ್ಡದೊಂದು, ಕಿವಿರಿನ ಹಿಂದೆ ಚಿಕ್ಕದೊಂದು ಕಪ್ಪು ಬೊಟ್ಟಿರುವ ಪೆಥಿಯ ಟಿಕ್ಟೊ, ಬೆಳ್ಳಿಮೈಯ ಪುಂಟಿಯಸ್ ಸೊಫೋರ್, ತುಸು ನೀಳ ಮೂತಿಯ ಪುಂಟಿಯಸ್ ಡಾರ್ಸಾಲಿಸ್ ಮುಂತಾದವು ದಖ್ಖನಿನ ಕೆರೆ-ಹೊಳೆಗಳ ಪರಿಚಿತ ಪ್ರಭೇದಗಳು. ಇವುಗಳಲ್ಲಿ ಮೊದಲೆರಡನ್ನು 1822ರಲ್ಲಿ ವರ್ಣಿಸಿದವರು ಫ್ರಾನ್ಸಿಸ್ ಬುಕನನ್ ಹ್ಯಾಮಿಲ್ಟನ್. 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತ್ಯಗಳಲ್ಲಿ ಸಂಚರಿಸಿ ಬರೆದ ಅವರ ಪ್ರವಾಸ ಕಥನ ಕರ್ನಾಟಕದ ಸಂಶೋಧಕರಿಗೆ ಚಿರಪರಿಚಿತ.

ಗೃಹ ಮತ್ಸ್ಯಪಾಲನೆಯ ದೃಷ್ಟಿಯಿಂದ ಟಿಕ್ಟೊ ಅತ್ಯಂತ ಸೂಕ್ತ. ತೊಟ್ಟಿಯಲ್ಲಿ ಸಾಮಾನ್ಯವಾಗಿ 5–6 ಸೆಂ.ಮೀ. ಬೆಳೆಯುತ್ತದೆ. ಗಡಸು ನೀರು, ಪಿಎಚ್ 7ರಿಂದ 8, ಬೇಸಿಗೆಯ ಸೆಕೆ ಯಾವುದಕ್ಕೂ ಹೆದರದು. ಕ್ಲೋರಿನ್ ಇಲ್ಲದ ಊರಿನ ನೀರೇ ಸಾಕು. ಸಂತಾನದ ಕಾಲದಲ್ಲಿ ಗಂಡುಮೀನಿನ ಮೈ ಕೆಂಪೇರುತ್ತದೆ. ಮೊಟ್ಟೆಗಳು ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಕಾಂಗೋದ ಮೀನಿಗೆ ಬೇಕಾದ ಶಿಸ್ತಿನ ಅರ್ಧದಷ್ಟರಲ್ಲಿ ಇದನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಬಹುದು.

ಆದರೆ ನಮ್ಮಲ್ಲಿ ಈ ಮೀನುಗಳಿಗೆ ದೊರೆತಿರುವ ಸ್ಥಾನವೇ ಬೇರೆ. ಮೀನುಗಾರಿಕೆಯ ಪರಿಭಾಷೆಯಲ್ಲಿ ಇವು ಕಳೆ ಮೀನುಗಳು. ಕಾಟ್ಲಾ, ರೋಹು ಮರಿಗಳನ್ನು ಬಿಡುವ ಮುನ್ನ ಕೊಳದಲ್ಲಿರುವ ಎಲ್ಲ ಮೀನುಗಳನ್ನು ಇಪ್ಪೆ ಹಿಂಡಿ ಹಾಕಿ ನಿರ್ಮೂಲಗೊಳಿಸಬೇಕೆಂದು ಕೈಪಿಡಿಗಳು ಹೇಳುತ್ತವೆ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2000ದಿಂದ 2500 ಕಿ.ಗ್ರಾಂ. ಅದರ ಪ್ರಮಾಣ. ಹೊಟ್ಟೆಪಾಡಿನ ಮೀನುಕೃಷಿಗೆ ಅದರದೇ ಆದ ನ್ಯಾಯವಿದೆ. ಆದರೂ ಒಂದು ಕಡೆ ಕಳೆ ಎನಿಸಿದ ಮೀನಿನ ದಾಯಾದಿಯನ್ನು ಇನ್ನೊಂದು ಕಡೆ ಹಣ ತೆತ್ತು ಖಂಡಾಂತರದಿಂದ ತರಿಸಿಕೊಳ್ಳುವ ವೈಪರೀತ್ಯವನ್ನು ಗಮನಿಸದಿರಲಾಗದು.

ಈ ಕಿರುಮೀನುಗಳ ಬೆಲೆ ಎಷ್ಟೆಂಬುದನ್ನು ಹಕ್ಕಿಗಳು ಬಲ್ಲವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ್ದು, ವಿಸ್ತೀರ್ಣ 98.76 ಹೆಕ್ಟೇರ್. ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾದ ಈ ಕೆರೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಆ ಸಂದರ್ಭದಲ್ಲಿ ಪ್ರಕಟವಾದ ವಿವರದಂತೆ ಅಲ್ಲಿ 240 ಬಗೆಯ ಹಕ್ಕಿಗಳೂ 41 ಬಗೆಯ ಮೀನುಗಳೂ ಇವೆ. ಹಕ್ಕಿಗಳನ್ನು ನೋಡಲು ಜನ ಬರುತ್ತಾರೆ. ಆ ಹಕ್ಕಿಗಳನ್ನು ಸಾಕುವ ಮೀನುಗಳ ಹೆಸರು ಕೇಳುವವರು ವಿರಳ.

7. ದಾಟಬಾರದ ಗೆರೆ

ಆಫ್ರಿಕಾದ ಮೀನು ಈ ನಾಡಿಗೆ ಹೊಸತಲ್ಲ. ಮೊಜಾಂಬಿಕ್ ತಿಲಾಪಿಯವನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಬೇಗ ಮರಿಮಾಡುವ, ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಈ ಮೀನು ಕೆರೆ-ಜಲಾಶಯಗಳಲ್ಲಿ ಹರಡಿ ಸ್ಥಳೀಯ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿಯಾಯಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದ್ದರೂ ಅದು ನಿಂತಿಲ್ಲ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಬಂದ ಅಮೆರಿಕಾ ಮೂಲದ ಗಂಬೂಸಿಯ ಇತರ ಮೀನುಗಳ ಮೊಟ್ಟೆ-ಮರಿಗಳನ್ನೂ ತಿನ್ನುತ್ತದೆ.

ಚಿಟ್ಟೆ ಬಾರ್ಬ್ ಗಡಸು ಬಿಸಿನೀರಿನ ಕೆರೆಯಲ್ಲಿ ಬಹುಶಃ ಬದುಕಲಾರದು. ಆದರೆ ಅದರ ಮೈಮೇಲಿನ ಪರೋಪಜೀವಿಗಳಾಗಲಿ ರೋಗಾಣುಗಳಾಗಲಿ ಸಾಯಲೇಬೇಕೆಂದಿಲ್ಲ. ನಂಟು ಹತ್ತಿರವಾದಷ್ಟೂ ರೋಗ ದಾಟುವ ಸಂಭವ ಹೆಚ್ಚು. ಆದ್ದರಿಂದ ನಿಯಮ ಸರಳ: ತೊಟ್ಟಿಯ ಮೀನನ್ನಾಗಲಿ ಸಸ್ಯವನ್ನಾಗಲಿ ನೀರನ್ನಾಗಲಿ ಕೆರೆಗೆ, ಕಾಲುವೆಗೆ, ಹೊಳೆಗೆ ಬಿಡಕೂಡದು. ಬೇಡವಾದ ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು. ತೊಟ್ಟಿಯ ನೀರನ್ನು ಗಿಡಗಳಿಗೆ ಹಾಕಬೇಕು.

ಕೆರೆಯಿಂದ ಮೀನು ತರುವಾಗಲೂ ಮಿತಿ ಬೇಕು. ಗುತ್ತಿಗೆ ಪಡೆದ ಮೀನುಗಾರರ ಸಮ್ಮತಿ ಪಡೆದು ಕೆಲವನ್ನಷ್ಟೇ ತರಬೇಕು. ಅಂಕಸಮುದ್ರದಂತಹ ಸಂರಕ್ಷಿತ ಕೆರೆಗಳಿಂದ ಏನನ್ನೂ ತೆಗೆಯಬಾರದು.

ಸಮಾರೋಪ

ಕನ್ನಡನಾಡಿನಲ್ಲಿ ಮೀನುಗಳ ಬಗೆಗಿನ ಜಿಜ್ಞಾಸೆ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಬಗೆ, ವಾಸ, ಅವುಗಳಿಗೆ ಹಾಕುವ ಆಹಾರ ಇವುಗಳನ್ನು ಅಲ್ಲಿ ವಿವರಿಸಲಾಗಿದೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅದನ್ನು ಆಧುನಿಕ ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿದ್ದಾರೆ. ಪುಂಟಿಯಸ್ ಎಂಬ ಹೆಸರು ಬಂಗಾಳಿಯ ಪುಟಿ ಎಂಬ ಪದದಿಂದಲೂ ಪೆಥಿಯ ಎಂಬುದು ಸಿಂಹಳದ ಮಾತಿನಿಂದಲೂ ಬಂದಿವೆ. ನಮ್ಮ ಬೆಸ್ತರು ಮತ್ತು ಅಂಬಿಗರ ಬಾಯಲ್ಲಿರುವ ಕನ್ನಡ ಹೆಸರುಗಳನ್ನು ಊರೂರಿನಿಂದ, ಮೀನಿನ ಗುರುತಿನೊಂದಿಗೆ ಸಂಗ್ರಹಿಸುವ ಕೆಲಸ ನಡೆಯಬೇಕಾಗಿದೆ. ಕೆರೆ ಬತ್ತಿದರೆ ಮೀನು ಹೋಗುತ್ತದೆ. ಮೀನು ಹೋದರೆ ಅದರ ಹೆಸರೂ ಹೋಗುತ್ತದೆ.

ಆಫ್ರಿಕಾದ ಕಿರುಬಾರ್ಬನ್ನು ಈ ಬಯಲುಸೀಮೆಯಲ್ಲಿ ಸಾಕುವುದು ಅಸಾಧ್ಯವಲ್ಲ. ಆದರೆ ಅದಕ್ಕಾಗಿ ಇಲ್ಲಿನ ನೀರನ್ನೂ ಬಿಸಿಲನ್ನೂ ವರ್ಷವಿಡೀ ಎದುರಿಸಬೇಕು. ಅದೇ ಬಳಗದ ಟಿಕ್ಟೊ ಇಲ್ಲಿನ ನೀರಿನಲ್ಲೇ ಹುಟ್ಟಿ ಇಲ್ಲಿನ ಬಿಸಿಲಿಗೇ ಒಗ್ಗಿದೆ. ಶಾಲೆಯೊಂದರ ಕೋಣೆಯಲ್ಲಿ ಊರ ಕೆರೆಯ ಹತ್ತು ಮೀನುಗಳಿರುವ ತೊಟ್ಟಿ ಇದ್ದು, ಅದರ ಮೇಲೆ ಮೀನಿನ ಶಾಸ್ತ್ರೀಯ ಹೆಸರಿನೊಡನೆ ಆ ಊರಿನವರು ಕರೆಯುವ ಹೆಸರೂ ಬರೆದಿದ್ದರೆ, ಕಳೆಯೆಂದು ಕರೆಯಲ್ಪಟ್ಟ ಮೀನು ಮಕ್ಕಳ ಪಾಲಿಗೆ ಮತ್ತೆ ಮೀನಾಗುತ್ತದೆ.